ಗುಡ್ಡದಲ್ಲಿ ಕೂಳೆ ಬಿಟ್ಟ ಕಾಡು

ಗಿಡ ನೆಡದೆ ಕಾಡು ಬರುವುದಿಲ್ಲ ಎಂದು ವಾದಿಸಿದವರೇ ಈಗ ನಮ್ಮ ಗುಡ್ಡಕ್ಕೆ ಬಂದು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದಾರೆ. ಬರೆಯಲು ಇಷ್ಟು ಕಾರಣ ಸಾಕು.

ಜಮೀನು ಪಾಂಡವಪುರ ತಾಲ್ಲೂಕಿನದು. ಮೇಲುಕೋಟೆ ಬೆಟ್ಟಸಾಲಿನ ಅಂಚಿನ ಇಳಿಜಾರು, ಆರು ಎಕರೆ ಚಿಲ್ಲರೆ, ಅದರಲ್ಲಿ ಕಾಲು ಭಾಗ ಬರೀ ಹಾಸುಬಂಡೆ. ಅಪ್ಪನ ಕಾಲದಲ್ಲಿ ಕೆಳಗಿನ ಅರ್ಧಕ್ಕೆ ನೀಲಗಿರಿ ಹಾಕಿದ್ದರು. ಅದನ್ನು ಕಡಿಸಿ ಮಾರಿದ ಹಣದಲ್ಲಿ, 2014ರ ಸುಮಾರಿಗೆ ಎಲ್ಲರಂತೆ ನಾನೂ ಗುಂಡಿ ತೆಗೆಸಿದೆ. ಹೊಂಗೆ, ಬೇವು, ನೇರಳೆ, ಮಹಾಗನಿ ಎಲ್ಲ ಸೇರಿ ಒಂಬೈನೂರು ಸಸಿ ಇರಬಹುದು. ಗುಂಡಿ, ಸಸಿ, ಬೇಸಿಗೆಯ ಟ್ಯಾಂಕರ್ ನೀರು ಎಲ್ಲ ಕೂಡಿ ಒಂದೂಮುಕ್ಕಾಲು ಲಕ್ಷದ ಹತ್ತಿರ ಹೋಯಿತು. ಆಮೇಲೆ ಬಂದ ಬರಗಾಲ ನಿಮಗೆಲ್ಲ ನೆನಪಿದೆ. 2017ರ ಬೇಸಿಗೆ ಮುಗಿಯುವ ಹೊತ್ತಿಗೆ ಐವತ್ತು ಗಿಡ ಉಳಿದಿದ್ದರೆ ಹೆಚ್ಚು. ಮಹಾಗನಿ ಒಂದೂ ಇಲ್ಲ.

ಅದೇ ವರ್ಷ ಮೊದಲ ಮಳೆ ಬಿದ್ದ ವಾರದಲ್ಲಿ, ಸತ್ತ ಸಸಿಗಳ ನಡುವೆ ಮೊಣಕಾಲೆತ್ತರದ ಕುರುಚಲೆಲ್ಲ ಹಸಿರಾಗಿತ್ತು. ದಿಂಡಿಗ, ಚುಜ್ಜಲು, ಹುರುಗಲು, ಕಗ್ಗಲಿ, ಎಲ್ಲ ನಮ್ಮ ಒಣಗುಡ್ಡದ ಕಾಡುಮರಗಳೇ. ಒಂದು ದಿಂಡಿಗದ ಬುಡ ಅಗೆಸಿದರೆ ತೋಳು ಗಾತ್ರದ ಬೇರು! ಮೇಲಿನದು ಎಳೆ ಚಿಗುರು, ಕೆಳಗಿನದು ನನಗಿಂತ ಹಿರಿಯ. ವರ್ಷಾವರ್ಷ ಬೆಂಕಿ ಸುಟ್ಟು, ಮೇಕೆ ಮೇದು, ಮರ ಮೇಲೇಳದೆ ನೆಲದಲ್ಲೇ ಕುಳಿತಿತ್ತು. ಕಟಾವಾದ ಕಬ್ಬಿನ ಬುಡದಿಂದಲೇ ಮತ್ತೆ ಬೆಳೆ ಎಬ್ಬಿಸುವ, ಅಂದರೆ ಕೂಳೆ ಬಿಡುವ ಮಂಡ್ಯದವರಾದ ನಾವು ಮರದ ಕೂಳೆ ನೋಡಿಕೊಂಡರೆ ಸಾಲದೇ ಎಂದುಕೊಂಡೆ. ಬಾಮೈದ ನಕ್ಕ. "ಏನು ಭಾವ, ಕುರುಚಲಿಗೆ ಆಳು ಕರೆಯುತ್ತೀರಾ? ಜನ ಏನೆಂದಾರು?" ನಿವೃತ್ತ ಅರಣ್ಯಾಧಿಕಾರಿಯೊಬ್ಬರು ಇದು ಸೌದೆ ಆಗಬಹುದು, ಮರವಾಗದು ಎಂದರು.

ಮಾಡಿದ್ದು ಇಷ್ಟೇ: ಮುಂಗಾರಿಗೆ ಮುಂಚೆ ಸೊಟ್ಟ, ಸುಟ್ಟ ಕವಲುಗಳನ್ನು ನೆಲಮಟ್ಟಕ್ಕೆ ಒಂದೇ ಏಟಿಗೆ ಕಡಿಸುವುದು, ಹೊಸ ಚಿಗುರು ಬಂದ ಮೇಲೆ ಬುಡಕ್ಕೆ ಎರಡು ಉಳಿಸಿ ಮಿಕ್ಕದ್ದು ತೆಗೆಯುವುದು, ಮರುವರ್ಷ ಒಂದನ್ನೇ ಉಳಿಸುವುದು. ಯಾವ ಚಿಗುರನ್ನು ಉಳಿಸಬೇಕು ಎಂಬುದರಲ್ಲಿ ಒಂದು ಗುಟ್ಟಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನೀಲಗಿರಿ ಬೊಡ್ಡೆಯನ್ನು ಜೆಸಿಬಿ ಇಲ್ಲದೆ ಸಾಯಿಸಿದ ಬಗೆಯೂ ಅಷ್ಟೇ, ಜಮೀನಿಗೆ ಬಂದವರಿಗೆ ತೋರಿಸುತ್ತೇನೆ.

ಹೊರದೇಶದಿಂದ ಬಂದು ಹಬ್ಬಿದ ಕಳೆಪೊದೆ ಲಂಟಾನಕ್ಕೆ ಮಾತ್ರ ಸ್ವಂತ ಬುದ್ಧಿ ಓಡಿಸಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ಹೇಳಿದಂತೆ, ಬೇರನ್ನು ಮಣ್ಣಿನೊಳಗೆ ಎರಡು ಬೆರಳಷ್ಟು ಕೆಳಗೆ ಕಡಿದು, ಪೊದೆಯನ್ನು ಬುಡಮೇಲು ಮಾಡಿ ಅಲ್ಲೇ ಒಣಗಿಸಿದೆವು. ಮೇಲೆ ಸವರಿದರೆ ದುಪ್ಪಟ್ಟು ಬರುತ್ತದೆ, ಆ ಕೂಲಿಯೂ ನೀರಿಗೆ ಹಾಕಿದಂತೆ. ಮೊದಲ ಸುತ್ತಿಗೆ ಎಕರೆಗೆ ಒಂಬತ್ತು ಸಾವಿರದ ಮೇಲೇ ಬಿತ್ತು.

ದೊಡ್ಡ ಖರ್ಚು ಮೇಕೆಯದು. ಬೇಲಿಗೆ ಹೇಳಿದ ಅಂದಾಜು ಕೇಳಿ ಎದೆ ಒಡೆಯಿತು. ಬದಲಿಗೆ ಮೇಕೆ ಮೇಯಿಸುವ ಎರಡು ಮನೆಯವರಿಗೇ ವರ್ಷಕ್ಕೆ ಇಷ್ಟೆಂದು ಗೊತ್ತು ಮಾಡಿ ಕಾವಲು ವಹಿಸಿದೆ. ಸವರಿದ ಸೊಪ್ಪೂ ಅವರಿಗೇ. ಜನವರಿಯಲ್ಲಿ ಬೆಂಕಿ ಗೆರೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ಕೆತ್ತಿದ ಪಟ್ಟಿ, ಬಿಡುವವರೂ ಅವರೇ. ಅಲ್ಲಿಂದೀಚೆಗೆ ಒಂದೇ ಸಲ, ಮೇಲಿನ ಮೂಲೆಗೆ ಬೆಂಕಿ ಬಿದ್ದಿದೆ.

ಈಗ ಲೆಕ್ಕ. ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರಿನಲ್ಲಿ ಒಂದು ಸೆಂಟಿಮೀಟರ್ ದಪ್ಪ ಮೀರಿದ ಪ್ರತಿ ಕಾಂಡಕ್ಕೂ ನಂಬರು ಕೊಟ್ಟು ಅಳೆಯುತ್ತಾ ಬಂದಿದ್ದಾರೆ. ಅದನ್ನು ನೋಡಿ ನಾನೂ ಇಪ್ಪತ್ತು ಮೀಟರ್ ಚೌಕದ ಐದು ತಾಕು ಗುರುತಿಸಿದೆ. ನಮ್ಮಲ್ಲಿ ಆಗ ಆ ದಪ್ಪ ಮೀರಿದ್ದೇ ಅಪರೂಪ, ಹಾಗಾಗಿ ಬುಡ ಎಣಿಸಿದೆ. ನಂಬರಿಗೆಂದು ಕಟ್ಟಿದ ಅಲ್ಯೂಮಿನಿಯಂ ಬಿಲ್ಲೆಗಳು ತಿಂಗಳೊಳಗೆ ಗುಜರಿ ಸೇರಿದವು. ಈಗ ಬಣ್ಣದ ಗೆರೆ. ಮೊದಲು ತಾಕಿನ ಅರ್ಧಕ್ಕಿಂತ ಹೆಚ್ಚು ತಂಗಡಿ, ಬಂದರಿಕೆ ಪೊದೆಗಳೇ. ಈಗ ಕೆಳಗಿನ ಮೂರು ತಾಕುಗಳಲ್ಲಿ ನೆರಳು ಕೂಡಿಕೊಂಡು ಅವೆರಡೂ ಒಣಗುತ್ತಿವೆ, ಹುಲ್ಲೂ ತೆಳುವಾಗಿದೆ. ದಿಂಡಿಗ ಇಪ್ಪತ್ತು ಅಡಿ ದಾಟಿದೆ, ಎದೆಮಟ್ಟದ ಸುತ್ತಳತೆ ಮೂವತ್ತು ಸೆಂಟಿಮೀಟರಿನ ಆಸುಪಾಸು. ಮೊದಲ ವರ್ಷಗಳಲ್ಲಿ ಮುಂದಿದ್ದ ಚುಜ್ಜಲು ಈಗ ಅದರ ಕೆಳಗೆ ಸೇರಿಕೊಂಡಿದೆ. ಬಂಡೆ ಬದಿಯ ಎರಡು ತಾಕು ಹಾಗೇ ಕುರುಚಲು. ಅಲ್ಲಿ ಮಣ್ಣೇ ಒಂದು ಗೇಣಿಲ್ಲ, ಅದರಿಂದ ಮರ ಬಯಸುವುದು ನ್ಯಾಯವಲ್ಲ.

ನಡುವೆ ಮಣ್ಣುಂಡೆಯೊಳಗೆ ಬೀಜ ಇಟ್ಟು ಎಸೆಯುವ ಬೀಜದುಂಡೆಯ ಹುಚ್ಚೂ ಹಿಡಿದಿತ್ತು. ಮಕ್ಕಳನ್ನು ಸೇರಿಸಿ ನಾಲ್ಕೈದು ಸಾವಿರ ಉಂಡೆ ಎಸೆದೆವು. ಇಲಿ, ಇರುವೆಗಳಿಗೆ ಹಬ್ಬ. ಅದಕ್ಕಿಂತ ಹಕ್ಕಿ ಕೂರಲೆಂದು ನೆಟ್ಟ ಹಳೆ ಬಿದಿರು ಗಳಗಳೇ ವಾಸಿ. ಅವುಗಳ ಬುಡದಲ್ಲಿ ಬೇವು ಬಂತು, ಶ್ರೀಗಂಧವೂ ಬಂತು. ಎಷ್ಟು, ಯಾವ ಮೂಲೆಯಲ್ಲಿ ಎಂದು ಕೇಳಬೇಡಿ.

ಕೂಳೆಯಿಂದ ಬಾರದ್ದು ಜಾಲಾರಿ ಮರ. ನಮ್ಮ ನೆಲದಲ್ಲಿ ಅದರ ಬೇರು ಇಲ್ಲದ ಮೇಲೆ ಚಿಗುರು ಎಲ್ಲಿಂದ? ಅದರ ಬೀಜ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಅಂಚೆಯಲ್ಲಿ ತರಿಸಿದ ಎರಡು ಕಂತೂ ಮೊಳೆಯಲಿಲ್ಲ. ಈ ಸಲ ಬೀಜ ಉದುರುವ ಹೊತ್ತಿಗೆ ತುಮಕೂರು ಕಡೆಗೆ ನಾನೇ ಹೋಗಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಅದೇ ಸಂಜೆ ದಿಂಡಿಗದ ನೆರಳಿನಲ್ಲಿ ಬಿತ್ತುವುದೆಂದು ತೀರ್ಮಾನಿಸಿದ್ದೇನೆ. ಬಾಮೈದ ಕಾರು ಕೊಡುತ್ತೇನೆ ಎಂದಿದ್ದಾನೆ, ಡೀಸೆಲ್ ನನ್ನದು.