ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಟ್ಟು ನೋಡೋ ಪ್ರಯೋಗ: ಚಮಚ ಬಿಡಿ, ಸಿರಿಂಜ್ ಹಿಡೀರಿ

ಸ್ಕೂಲಲ್ಲಿ ವಿಜ್ಞಾನ ಪ್ರದರ್ಶನ ಅಂದ್ರೆ ಸಾಕು, ಯಾರಾದ್ರೂ ಒಬ್ರು ಈ ಪ್ರಯೋಗ ಮಾಡೇ ಮಾಡ್ತಾರೆ. ಎರಡು ಡಬ್ಬ, ಎರಡರಲ್ಲೂ ಗಿಡ, ಒಂದರೊಳಗೆ ಮಾತ್ರ ಬಟ್ಟಲಲ್ಲಿ ಅಡುಗೆ ಸೋಡಾ ಮತ್ತೆ ವಿನೆಗರ್, ಮುಚ್ಚಳ ಹಾಕಿ ಒಂದು ವಾರ ಬಿಟ್ಟು ಸ್ಕೇಲ್ ಹಿಡಿದು ಎತ್ತರ ನೋಡೋದು. ಹೋದ ವರ್ಷ ನಮ್ಮಕ್ಕನ ಮಗಳು ಒಂಬತ್ತನೇ ಕ್ಲಾಸಲ್ಲಿ ಇದನ್ನೇ ಮಾಡಿದ್ಲು, ಸೋಡಾ ಇಟ್ಟಿದ್ದ ಗಿಡಾನೇ ಮೊದ್ಲು ಬಾಡಿತು. "ಚಿಕ್ಕಮ್ಮ, ಅದು ಗಿಡದ ಊಟ ಅಂತ ಪುಸ್ತಕದಲ್ಲಿದೆ, ಮತ್ಯಾಕೆ ಸತ್ತೋಯ್ತು?" ಅಂತ ಕೇಳಿದ್ಲು. ಪುಸ್ತಕ ಸರಿಯಾಗೇ ಇದೆ ಕಣೇ, ನಮ್ಮ ಅಳತೆ ತಪ್ಪು ಅಂತ ಇಬ್ರೂ ಕೂತು ಲೆಕ್ಕ ಹಾಕಿದ್ವಿ. ಆ ಲೆಕ್ಕಾನೇ ಇಡೀ ಪ್ರಯೋಗದ ಜೀವ, ಅದಕ್ಕೇ ಮೊದ್ಲು ಅದನ್ನ ಹೇಳ್ತೀನಿ.

ಈಗ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 420 ಭಾಗ. 1958ರಲ್ಲಿ ಕೀಲಿಂಗ್ ಅನ್ನೋ ವಿಜ್ಞಾನಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯೋಕೆ ಶುರು ಮಾಡಿದಾಗ 315ರ ಆಸುಪಾಸು ಇತ್ತು. 17 ಲೀಟರ್ ಡಬ್ಬದೊಳಗೆ 420 ಪಿಪಿಎಂ ಅಂದ್ರೆ ಎಷ್ಟು ಗೊತ್ತಾ, ಬರೀ 7 ಮಿಲಿ! ಅದನ್ನ 1000 ಪಿಪಿಎಂಗೆ ಏರಿಸೋಕೆ ಇನ್ನೊಂದು 10 ಮಿಲಿ ಸಾಕು. ಆದ್ರೆ ಒಂದೇ ಒಂದು ಗ್ರಾಂ ಅಡುಗೆ ಸೋಡಾದಿಂದ ಸುಮಾರು 300 ಮಿಲಿ ಗ್ಯಾಸ್ ಬರತ್ತೆ, ಅಂದ್ರೆ 17 ಸಾವಿರ ಪಿಪಿಎಂ ದಾಟತ್ತೆ, ನಾವು ಹಾಕಿದ್ದು ತುಂಬಿದ ಚಮಚ. ಅದರ ಜೊತೆಗೆ ವಿನೆಗರ್ ಆವಿ ಬೇರೆ, ಎಳೇ ಎಲೆಗೆ ಅದೂ ಆಗಲ್ಲ. ಇನ್ನೊಂದು ಕಡೆ, ಏನೂ ಹಾಕದೆ ಗಟ್ಟಿಯಾಗಿ ಮುಚ್ಚಿಟ್ಟ ಡಬ್ಬದಲ್ಲಿ ಇರೋ 7 ಮಿಲೀನ ಗಿಡಗಳು ಒಳ್ಳೆ ಬೆಳಕಲ್ಲಿ ಕೆಲವೇ ಗಂಟೇಲಿ ಎಳ್ಕೊಂಡು ಖಾಲಿ ಮಾಡ್ಬಹುದು, ಆಗ ಅದು ಹೋಲಿಕೆಗೂ ಬರಲ್ಲ.

ಡಬ್ಬಕ್ಕೆ ನಾವು ತಗೊಂಡಿದ್ದು ಹಳೇ 20 ಲೀಟರ್ ನೀರಿನ ಕ್ಯಾನ್, ಮೂರು. ದೊಡ್ಡವರ ಕೈಯಲ್ಲಿ ಆಕ್ಸಾ ಬ್ಲೇಡಿಂದ ಬುಡ ಕತ್ತರಿಸಿ. ಆಮೇಲೆ ಮುಚ್ಚಳ ಭದ್ರ ಮಾಡಿ ತಲೆಕೆಳಗೆ ಹಿಡಿದು ಲೀಟರ್ ಜಗ್‌ನಲ್ಲಿ ನೀರು ತುಂಬಿಸಿ ಎಷ್ಟು ಹಿಡಿಯತ್ತೆ ನೋಡಿ, ನಮ್ದು 17 ಲೀಟರ್ ಬಂತು, ನಿಮ್ದು ಬೇರೆ ಬಂದ್ರೆ ಗ್ಯಾಸ್ ಲೆಕ್ಕಾನೂ ಅದೇ ಪ್ರಮಾಣದಲ್ಲಿ ಬದಲಾಯಿಸ್ಕೊಳ್ಳಿ. ಮುಚ್ಚಳಕ್ಕೆ ತೂತು ಮಾಡಿ ಗೇಣುದ್ದ ಡ್ರಿಪ್ ಪೈಪ್ ತೂರಿಸಿ ಎಂಸೀಲ್ ಮೆತ್ತಿ, ಪೈಪಿನ ತುದಿಗೆ ಬಟ್ಟೆ ಕ್ಲಿಪ್. ಪರಾತದಲ್ಲಿ ಎರಡು ಬೆರಳು ನೀರು, ಮಧ್ಯೆ ಬೋರಲು ಹಾಕಿದ ಪಾತ್ರೆ, ಅದರ ಮೇಲೆ ತಟ್ಟೇಲಿ ಗಿಡಗಳು, ಮೇಲಿಂದ ಕ್ಯಾನ್ ಮುಚ್ಚಿದ್ರೆ ಕೆಳಗಿನ ನೀರೇ ಸೀಲ್ ಆಗತ್ತೆ.

ಬೀಜ ಯಾವ್ದು ಅನ್ನೋದು ತುಂಬಾ ಮುಖ್ಯ. ಎಲ್ರೂ ಹೆಸರುಕಾಳು ಹಾಕ್ತಾರೆ, ಬೇಗ ಬರತ್ತೆ ನಿಜ, ಆದ್ರೆ ಮೊದಲ ವಾರ ಅದು ಬೆಳೆಯೋದು ಕಾಳೊಳಗೆ ಕೂಡಿಟ್ಟಿರೋ ಬುತ್ತಿಯಿಂದ, ಗಾಳಿಯಿಂದ ತಗೊಳ್ಳೋದು ಕಡಿಮೆ. ಸಣ್ಣ ಬೀಜ ಬೇಕು. ನನ್ನ ಆಯ್ಕೆ ಸಾಸಿವೆ ಮತ್ತೆ ರಾಗಿ, ಎರಡೂ. ಸಾಸಿವೆ ಸಿ3 ಗಿಡ (ಸಿ3, ಸಿ4 ಅಂದ್ರೆ ಗಿಡಗಳು ಕಾರ್ಬನ್ ಡೈಆಕ್ಸೈಡ್ ಹಿಡ್ಕೊಳ್ಳೋ ಎರಡು ಬೇರೆ ಬೇರೆ ರೀತಿ), ಭತ್ತ ಗೋಧಿ ಥರ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಸಿಕ್ರೆ ಚೆನ್ನಾಗಿ ಬಳಸ್ಕೊಳ್ಳತ್ತೆ. ರಾಗಿ ಸಿ4, ಜೋಳ ಕಬ್ಬಿನ ಜಾತಿ, ಅದು ಎಲೆಯೊಳಗೇ ಕಾರ್ಬನ್ ಡೈಆಕ್ಸೈಡನ್ನ ಒತ್ತಾಗಿ ಸೇರಿಸ್ಕೊಳ್ಳೋ ಏರ್ಪಾಟು ಮಾಡ್ಕೊಂಡಿರೋದ್ರಿಂದ ಹೊರಗೆ ಜಾಸ್ತಿ ಆದ್ರೂ ಅದಕ್ಕೆ ಅಷ್ಟೇನೂ ಲಾಭ ಇಲ್ಲ. ಎರಡನ್ನೂ ಒಂದೇ ಕ್ಯಾನಲ್ಲಿ ಇಟ್ರೆ ಹುಡುಗ್ರಿಗೆ ಕೇಳೋಕೆ ಒಳ್ಳೆ ಪ್ರಶ್ನೆ ಸಿಗತ್ತೆ.

ಒಂದು ಕ್ಯಾನಿಗೆ ಆರು ಕಪ್, ಮೂರು ಸಾಸಿವೆ ಮೂರು ರಾಗಿ, ಕಪ್ಪಿಗೆ ನಾಲ್ಕು ಸಸಿ ಉಳಿಸಿ ಮಿಕ್ಕಿದ್ದು ಕಿತ್ತಾಕಿ. ಕಾಂಪೋಸ್ಟ್, ಕೊಟ್ಟಿಗೆ ಗೊಬ್ಬರ ಹಾಕ್ಬೇಡಿ, ಅದು ಕೊಳೀತಾ ತಾನೇ ಕಾರ್ಬನ್ ಡೈಆಕ್ಸೈಡ್ ಬಿಡತ್ತೆ, ನಮ್ಮ ಅಳತೆಯೆಲ್ಲ ಕೆಡತ್ತೆ. ತೊಳೆದ ಕೋಕೋಪೀಟ್, ಲೀಟರ್ ನೀರಿಗೆ ಒಂದು ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮ ಇರೋ ರಸಗೊಬ್ಬರ), ಎಲ್ಲಕ್ಕೂ ಒಂದೇ ಅಳತೆ. ಮೊದಲ ಎಂಟು ಹತ್ತು ದಿನ ಹೊರಗೇ ಬೆಳೀಲಿ, ಬೀಜದೆಲೆ ಬಿಟ್ಟು ನಿಜವಾದ ಎಲೆ ಕಂಡ ಮೇಲೆ ಕ್ಯಾನ್ ಮುಚ್ಚಿ.

ಗ್ಯಾಸ್ ತಯಾರಿಗೆ ಸಣ್ಣ ಬಾಟಲಲ್ಲಿ 100 ಮಿಲಿ ನೀರು, ಅದಕ್ಕೆ 10 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ. ಒಂದು ಚಮಚ ಸೋಡಾ ಹಾಕಿ ಬಾಯಿ ತೆಗೆದೇ ಬಿಡಿ, ಬುಸ್ ಅಂತ ಉಕ್ಕೋವಾಗ ಒಳಗಿನ ಗಾಳಿ ಹೊರಗೆ ಹೋಗತ್ತೆ. ಆಮೇಲೆ ಇನ್ನೊಂದು ಚಮಚ ಸೋಡಾ ಬಲೂನಲ್ಲಿ ತುಂಬಿ ಬಾಟಲ್ ಬಾಯಿಗೆ ಸಿಕ್ಕಿಸಿ ಎತ್ತಿದ್ರೆ ಬಲೂನ್ ಉಬ್ಬತ್ತೆ. ಬಾಟಲಿಗೆ ಮುಚ್ಚಳ ಮಾತ್ರ ಯಾವತ್ತೂ ತಿರುಗಿಸ್ಬೇಡಿ, ಸಿಡಿಯತ್ತೆ. ಬಲೂನ್ ಕತ್ತು ಹಿಂಡಿ ಹಿಡಿದು ಸೂಜಿ ಇಲ್ಲದ ಸಿರಿಂಜಲ್ಲಿ 10 ಮಿಲಿ ಎಳ್ಕೊಂಡು ಮೊದಲನೇ ಕ್ಯಾನಿನ ಪೈಪಿಗೆ ಬಿಡಿ. ಬಲೂನ್ ರಬ್ಬರಿಂದ ಗ್ಯಾಸ್ ಸೋರತ್ತೆ, ದಿನಾ ಹೊಸದಾಗಿ ಮಾಡ್ಬೇಕು.

ಎರಡನೇ ಕ್ಯಾನಿಗೆ 10 ಮಿಲಿ ಮಾಮೂಲಿ ಗಾಳಿ. ಮೂರನೇದಕ್ಕೂ ಅಷ್ಟೇ, ಆದ್ರೆ ಅದರೊಳಗೆ ಬಟ್ಟಲಲ್ಲಿ ಎಲೆ ಅಡಿಕೆ ಸುಣ್ಣ ಕದಡಿದ ನೀರು ಇಡಿ, ಅದು ಕಾರ್ಬನ್ ಡೈಆಕ್ಸೈಡ್ ಹೀರಿ ಕಡಿಮೆ ಮಾಡತ್ತೆ. ಸುಣ್ಣ ಕಣ್ಣಿಗೆ ಬಿದ್ರೆ ಅಪಾಯ, ಕನ್ನಡಕ ಹಾಕ್ಕೊಂಡೇ ಮುಟ್ಟಿ. ಕ್ಯಾನೇ ಇಲ್ಲದ ನಾಲ್ಕನೇ ತಟ್ಟೆ ಒಂದು ಪಕ್ಕದಲ್ಲಿರ್ಲಿ, ಕ್ಯಾನಿನಿಂದಲೇ ಏನಾದ್ರೂ ವ್ಯತ್ಯಾಸ ಆಯ್ತಾ ಅಂತ ಗೊತ್ತಾಗೋಕೆ.

ದಿನಾ ಬೆಳಗ್ಗೆ, ಮಧ್ಯಾಹ್ನ, ನಾಲ್ಕು ಗಂಟೆಗೆ ಮೂರೂ ಕ್ಯಾನ್ ಎರಡೆರಡು ನಿಮಿಷ ಎತ್ತಿ ಗಾಳಿ ಬದಲಾಯಿಸಿ ಮತ್ತೆ ಮುಚ್ಚಿ ಸಿರಿಂಜ್ ಹಾಕ್ಬೇಕು. ಮುಚ್ಚೋವಾಗ ಉಸಿರು ಬಿಗಿ ಹಿಡೀರಿ, ಯಾಕಂದ್ರೆ ನಾವು ಬಿಡೋ ಒಂದು ಉಸಿರಲ್ಲೇ ಸುಮಾರು 20 ಮಿಲಿ ಕಾರ್ಬನ್ ಡೈಆಕ್ಸೈಡ್ ಇರತ್ತೆ, ನಮ್ಮ ಸಿರಿಂಜಿಗಿಂತ ಎರಡರಷ್ಟು. ಇದು ಗೊತ್ತಾದ ಮೇಲೆ ನಮ್ಮ ಹುಡುಗಿ ಕೆನ್ನೆ ಉಬ್ಬಿಸ್ಕೊಂಡೇ ಕ್ಯಾನ್ ಮುಚ್ಚೋಳು. ಬೆಳಕು ಜೋರಾಗಿರೋ ಕಿಟಕಿ ಹತ್ರ ಇಡಿ, ನೇರ ಬಿಸಿಲು ಬೇಡ, ಕ್ಯಾನೊಳಗೆ ಒಲೆ ಥರ ಕಾಯತ್ತೆ. ದಿನಾ ಜಾಗ ಅದಲು ಬದಲು ಮಾಡಿ.

ಮೂರು ವಾರ ಆದ್ಮೇಲೆ ಸ್ಕೇಲ್ ನಂಬ್ಬೇಡಿ. ಬೆಳಕು ಸಾಲದ ಗಿಡಾನೂ ಉದ್ದ ಆಗತ್ತೆ, ಸೊರಗಿ ಉದ್ದ. ನೋಡ್ಬೇಕಿರೋದು ಒಣ ತೂಕ, ಒಣಗಿದ ಗಿಡದಲ್ಲಿ 40-45 ಪರ್ಸೆಂಟ್ ಕಾರ್ಬನ್ನೇ ಇರತ್ತೆ, ಅದು ಬಂದಿದ್ದು ಗಾಳಿಯಿಂದ. ಬೇರು ಸಮೇತ ಕಿತ್ತು ತೊಳೆದು, ಕಪ್ಪಿನ ನಂಬರ್ ಬರೆದ ಪೇಪರ್ ಪೊಟ್ಟಣದಲ್ಲಿ ಬಿಸಿಲಿಗಿಟ್ಟು, ತೂಕ ಇಳಿಯೋದು ನಿಲ್ಲೋವರೆಗೂ ಒಣಗಿಸಿ. ಮಿಲಿಗ್ರಾಂ ಲೆಕ್ಕದ ತಕ್ಕಡಿ ಬೇಕಾಗತ್ತೆ, ಸ್ಕೂಲ್ ಲ್ಯಾಬಲ್ಲಿ ಇಲ್ಲ ಅಂದ್ರೆ ಪರಿಚಯದ ಚಿನ್ನದಂಗಡಿಯಲ್ಲಿ ಕೇಳಿ, ನಮಗೆ ಅಲ್ಲೇ ತೂಗಿ ಕೊಟ್ರು. ಕಣ್ಣಿಗೆ ಒಂದೇ ಥರ ಕಾಣ್ತಿದ್ದ ಸಾಸಿವೆ ಪೊಟ್ಟಣಗಳಲ್ಲಿ ವ್ಯತ್ಯಾಸ ಕಂಡಿದ್ದು ಆ ತಕ್ಕಡೀಲೇ.

ವರದೀಲಿ "ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದ್ರೆ ಬೆಳೆಗೆ ಒಳ್ಳೇದು" ಅಂತ ಬರೆದುಬಿಡೋಕೆ ಆಸೆ ಆಗತ್ತೆ, ದಯವಿಟ್ಟು ಬರೀಬೇಡಿ. ಹೊಲದಲ್ಲಿ ಹೀಗೇ ಹೆಚ್ಚಿಸಿ ಬೆಳೆದ ಗೋಧಿ ಭತ್ತದ ಕಾಳಲ್ಲಿ ಸತು, ಕಬ್ಬಿಣ ಕಡಿಮೆ ಆಗಿದ್ದು ಕಂಡಿದೆ, ಅದೂ ಅಲ್ದೆ ಸೆಖೆ, ಮಳೆ ಏರುಪೇರು ನಮ್ಮ ಕ್ಯಾನೊಳಗೆ ಇರ್ಲಿಲ್ವಲ್ಲ. ಸಾಸಿವೆ ತೂಕ ಇಷ್ಟು, ರಾಗಿ ತೂಕ ಇಷ್ಟು, ಕಪ್ ಕಪ್ಪಿಗೂ ಎಷ್ಟು ಹೆಚ್ಚುಕಮ್ಮಿ ಅಂತ ಎಲ್ಲಾ ನಂಬರೂ ಹಾಕಿ, ವ್ಯತ್ಯಾಸ ಬರದಿದ್ರೂ ಹಾಗೇ ಬರೀರಿ. ಸುಣ್ಣದ ಬಟ್ಟಲನ್ನ ಮಾತ್ರ ಚೆಲ್ಬೇಡಿ, ನೀರಿನ ಮೇಲೆ ಹಾಲಿನ ಕೆನೆ ಥರ ತೆಳ್ಳಗೆ ಬಿಳೀ ಪೊರೆ ಕಟ್ಟಿರತ್ತೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಸುಣ್ಣಕ್ಕೆ ಸೇರಿ ಸುಣ್ಣದ ಕಲ್ಲಾಗಿರೋದು ಅದು, ಪ್ರದರ್ಶನದ ಟೇಬಲ್ ಮೇಲೆ ಮೊದಲು ಅದನ್ನೇ ಇಡಿ.