ಇಂಗ್ಲೆಂಡಿನ ಕೌನ್ಸಿಲ್‌ಗಳಲ್ಲಿ ಉದ್ಯೋಗ ಉಪಸಮಿತಿಗೆ ಸದಸ್ಯರನ್ನು ನೇಮಿಸುವ ಕ್ರಮ

ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳಲ್ಲಿ ಉದ್ಯೋಗ ಉಪಸಮಿತಿ ಎಂಬುದು ಮೇಲ್ನೋಟಕ್ಕೆ ಸಣ್ಣ ಸಮಿತಿ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಸೇರುವ ಈ ಸಮಿತಿಗೆ ಯಾರನ್ನು ಹಾಕಬೇಕೆಂಬ ಪ್ರಶ್ನೆ ವಾರ್ಷಿಕ ಸಭೆಯ ಉದ್ದನೆಯ ಕಾರ್ಯಸೂಚಿಯ ಕೊನೆಯಲ್ಲಿ ಬರುತ್ತದೆ, ಮತ್ತು ಹೆಚ್ಚಿನ ಚರ್ಚೆಯಿಲ್ಲದೆ ಮುಗಿದುಹೋಗುತ್ತದೆ. ಆದರೆ ಮುಖ್ಯ ಕಾರ್ಯನಿರ್ವಾಹಕರನ್ನು ಆಯ್ಕೆ ಮಾಡುವುದು, ಹಿರಿಯ ಅಧಿಕಾರಿಯ ಮೇಲಿನ ದೂರನ್ನು ವಿಚಾರಿಸುವುದು ಮುಂತಾದ ಕೆಲಸಗಳು ಇದೇ ಸಮಿತಿಯ ಮುಂದೆ ಬರುವುದರಿಂದ, ಅದರ ರಚನೆಯಲ್ಲಿ ಉಳಿದ ತಪ್ಪು ಒಬ್ಬ ವ್ಯಕ್ತಿಯ ಜೀವನೋಪಾಯದ ವಿಷಯದಲ್ಲೇ ಹೊರಬೀಳುತ್ತದೆ. ಹೆಸರುಗಳನ್ನು ಕೇಳುವ ಮೊದಲೇ ಸಮಿತಿಯ ಕೆಲಸ, ಗಾತ್ರ ಮತ್ತು ಸ್ಥಾನಹಂಚಿಕೆಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು ಎಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳಬಯಸುವ ಮಾತು.

ಮೊದಲಿಗೆ, ಈ ಸಮಿತಿ ಯಾರ ವಿಷಯದಲ್ಲಿ ತೀರ್ಮಾನ ಮಾಡಬಹುದು ಎಂಬುದನ್ನು ತಿಳಿದುಕೊಳ್ಳಬೇಕು. ಕ್ಯಾಬಿನೆಟ್ (ಆಡಳಿತ ನಡೆಸುವ ಕೆಲವೇ ಕೌನ್ಸಿಲರ್‌ಗಳ ತಂಡ) ಇರುವ ಕೌನ್ಸಿಲ್‌ಗಳಿಗೆ ಅನ್ವಯಿಸುವ 2001ರ ಸ್ಥಾಯೀ ಆದೇಶಗಳ (ಕೌನ್ಸಿಲ್ ತನ್ನ ಕಾರ್ಯವಿಧಾನಕ್ಕೆ ಮಾಡಿಕೊಳ್ಳುವ ನಿಯಮಗಳ) ನಿಯಮಾವಳಿಯ ಪ್ರಕಾರ, ಸಾಮಾನ್ಯ ಸಿಬ್ಬಂದಿಯ ನೇಮಕಾತಿ, ವಜಾ ಮತ್ತು ಶಿಸ್ತುಕ್ರಮಗಳು ಮುಖ್ಯ ಕಾರ್ಯನಿರ್ವಾಹಕರ ಅಥವಾ ಅವರು ಸೂಚಿಸಿದ ಅಧಿಕಾರಿಯ ಕೆಲಸ. ಅವುಗಳಲ್ಲಿ ಕೌನ್ಸಿಲರ್‌ಗಳು ಕೈಹಾಕುವಂತಿಲ್ಲ. ಮುಖ್ಯ ಕಾರ್ಯನಿರ್ವಾಹಕರು, ಮಕ್ಕಳ ಸೇವೆಗಳ ನಿರ್ದೇಶಕರು, ವಯಸ್ಕರ ಸಾಮಾಜಿಕ ಸೇವೆಗಳ ನಿರ್ದೇಶಕರು, ಹಣಕಾಸಿನ ಹೊಣೆ ಹೊತ್ತ ಅಧಿಕಾರಿ, ಮತ್ತಿತರ ಮುಖ್ಯ ಅಧಿಕಾರಿಗಳು ಹಾಗೂ ಅವರ ನೇರ ಕೈಕೆಳಗಿನ ಉಪಮುಖ್ಯ ಅಧಿಕಾರಿಗಳು ಈ ನಿರ್ಬಂಧದಿಂದ ಹೊರಗಿದ್ದಾರೆ. ಉಪಸಮಿತಿಯ ಕಾರ್ಯವ್ಯಾಪ್ತಿಯನ್ನು ಬರೆಯುವಾಗ ಈ ಗಡಿಯನ್ನು ಸ್ಪಷ್ಟವಾಗಿ ಗುರುತಿಸಬೇಕು. ವ್ಯಾಪ್ತಿ ಮಸುಕಾಗಿದ್ದರೆ, ತಮ್ಮ ವಾರ್ಡಿನ ಕಚೇರಿಯ ಗುಮಾಸ್ತರ ಬಡ್ತಿಯ ಪ್ರಶ್ನೆಯನ್ನೂ ಸಮಿತಿಯ ಮುಂದೆ ತರಲು ಸದಸ್ಯರು ಮುಂದಾಗುತ್ತಾರೆ.

ಅಧಿಕಾರದ ಮೂಲ 1972ರ ಸ್ಥಳೀಯ ಸರ್ಕಾರ ಕಾಯ್ದೆಯಲ್ಲಿದೆ. ಅದರ 101ನೇ ಕಲಮು ಕೌನ್ಸಿಲ್ ತನ್ನ ಕೆಲಸವನ್ನು ಸಮಿತಿ, ಉಪಸಮಿತಿ ಅಥವಾ ಅಧಿಕಾರಿಗೆ ವಹಿಸಲು ಅವಕಾಶ ಕೊಡುತ್ತದೆ. 102ನೇ ಕಲಮಿನ ಪ್ರಕಾರ ಉಪಸಮಿತಿಯನ್ನು ನೇಮಿಸುವುದು, ಅದರ ಸದಸ್ಯರ ಸಂಖ್ಯೆ ಮತ್ತು ಅವಧಿಯನ್ನು ನಿಗದಿಪಡಿಸುವುದು ಮಾತೃಸಮಿತಿಯ, ಅಂದರೆ ಅದನ್ನು ರಚಿಸುವ ಮೇಲಿನ ಸಮಿತಿಯ ಕೆಲಸ. ಆದ್ದರಿಂದ ಠರಾವನ್ನು ಯಾವ ಸಭೆ ಅಂಗೀಕರಿಸಬೇಕು ಎಂಬುದನ್ನು ನಿಮ್ಮ ಕೌನ್ಸಿಲ್‌ನ ಸಂವಿಧಾನವನ್ನು (ಅದರ ಆಂತರಿಕ ನಿಯಮಪುಸ್ತಕವನ್ನು) ಓದಿ ಖಚಿತಪಡಿಸಿಕೊಳ್ಳಿ. ಮಾತೃಸಮಿತಿ ನೇಮಿಸಬೇಕಾದ ಉಪಸಮಿತಿಯನ್ನು ಒಬ್ಬ ನಾಯಕರು ಇಮೇಲಿನಲ್ಲಿ ನೇಮಿಸಿದರೆ ಅದಕ್ಕೆ ಕಾನೂನಿನ ಆಧಾರವಿರುವುದಿಲ್ಲ.

ಈಗ ಗಾತ್ರದ ವಿಷಯ. ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1989ರ ಸ್ಥಳೀಯ ಸರ್ಕಾರ ಮತ್ತು ವಸತಿ ಕಾಯ್ದೆಯ 15ನೇ ಕಲಮಿನಂತೆ ಸಮಿತಿಗಳ ಮತ್ತು ಉಪಸಮಿತಿಗಳ ಸ್ಥಾನಗಳನ್ನು ರಾಜಕೀಯ ಗುಂಪುಗಳ ಬಲಕ್ಕೆ ಅನುಗುಣವಾಗಿ ಹಂಚಬೇಕು. ಎಲ್ಲ ಸ್ಥಾನಗಳೂ ಒಂದೇ ಗುಂಪಿಗೆ ಹೋಗಬಾರದು. ಕೌನ್ಸಿಲ್‌ನಲ್ಲಿ ಬಹುಮತವಿರುವ ಗುಂಪಿಗೆ ಸಮಿತಿಯಲ್ಲೂ ಬಹುಮತ ಇರಬೇಕು. ಈ ಎರಡಕ್ಕೂ ಒಳಪಟ್ಟು, ಉಳಿದ ಹಂಚಿಕೆ ಕಾರ್ಯಸಾಧ್ಯವಾದಷ್ಟು ಮಟ್ಟಿಗೆ ಅನುಪಾತದಲ್ಲಿರಬೇಕು. ಇಬ್ಬರು ಅಥವಾ ಹೆಚ್ಚು ಸದಸ್ಯರು ಲಿಖಿತ ಸೂಚನೆ ಕೊಟ್ಟರೆ ಅದು ಗುಂಪು ಎನಿಸುತ್ತದೆ. ಒಂಟಿ ಪಕ್ಷೇತರ ಸದಸ್ಯರು ಗುಂಪಲ್ಲ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಕೌನ್ಸಿಲ್‌ನಲ್ಲಿ 48 ಸದಸ್ಯರಿದ್ದು, ಮೂರು ಗುಂಪುಗಳ ಬಲ ಕ್ರಮವಾಗಿ 27, 15 ಮತ್ತು 6 ಎಂದಿಟ್ಟುಕೊಳ್ಳಿ. ಉಪಸಮಿತಿಗೆ 5 ಸ್ಥಾನಗಳೆಂದರೆ ಪಾಲು 2.81, 1.56 ಮತ್ತು 0.63 ಆಗುತ್ತದೆ. ಮೂರನ್ನೂ ಹತ್ತಿರದ ಪೂರ್ಣಸಂಖ್ಯೆಗೆ ತಂದರೆ 3, 2, 1 ಎಂದು ಆರು ಸ್ಥಾನಗಳಾಗುತ್ತವೆ, ಇರುವುದು ಐದು. ದಶಮಾಂಶದ ನಂತರದ ಭಾಗ ಯಾರದ್ದು ದೊಡ್ಡದೋ ಅವರಿಗೆ ಮೊದಲು ಎಂಬ ರೂಢಿಯನ್ನು ಅನುಸರಿಸಿದರೆ 3, 1, 1 ಬರುತ್ತದೆ; ಅಂದರೆ 15 ಮಂದಿಯ ಗುಂಪಿಗೂ 6 ಮಂದಿಯ ಗುಂಪಿಗೂ ತಲಾ ಒಂದೇ ಸ್ಥಾನ. ಎರಡನೆಯ ಗುಂಪು ಇದನ್ನು ಒಪ್ಪುವುದು ಕಷ್ಟ. ಸ್ಥಾನಗಳನ್ನು 3ಕ್ಕೆ ಇಳಿಸಿದರೆ 2, 1, 0 ಬರುತ್ತದೆ. ಆಗ ಮೂರನೆಯ ಗುಂಪು ಪೂರ್ತಿ ಹೊರಗುಳಿಯುತ್ತದೆ. ಸ್ಥಾನಗಳನ್ನು 7ಕ್ಕೆ ಏರಿಸಿದರೆ ಪಾಲು 3.94, 2.19, 0.88 ಆಗಿ 4, 2, 1 ಎಂದು ಸಹಜವಾಗಿ ಹೊಂದುತ್ತದೆ. ಈ ಕೌನ್ಸಿಲ್‌ಗೆ ಏಳರ ಸಮಿತಿಯೇ ಸೂಕ್ತ ಎಂದು ನಾನು ಹೇಳುತ್ತೇನೆ. ಹೀಗೆ ಬೇರೆ ಬೇರೆ ಗಾತ್ರಗಳನ್ನು ಮೊದಲೇ ಕಾಗದದ ಮೇಲೆ ಹಾಕಿ ನೋಡದೆ, ‘ಐವರಿದ್ದರೆ ಸಾಕು’ ಎಂದು ನಿರ್ಧರಿಸಿ ಆಮೇಲೆ ಸ್ಥಾನಗಳಿಗಾಗಿ ಜಗಳವಾಡುವುದರಲ್ಲಿ ಅರ್ಥವಿಲ್ಲ. ಅನುಪಾತವನ್ನು ಬಿಟ್ಟು ಬೇರೆ ಹಂಚಿಕೆ ಮಾಡಲು ಕಾಯ್ದೆಯ 17ನೇ ಕಲಮಿನಲ್ಲಿ ದಾರಿಯಿದೆ. ಆದರೆ ಒಬ್ಬ ಸದಸ್ಯರೂ ವಿರೋಧವಾಗಿ ಮತ ಹಾಕಿರಬಾರದು.

ಸ್ಥಾನಗಳು ಹಂಚಿಕೆಯಾದ ಮೇಲೆ ಹೆಸರು ಸೂಚಿಸುವುದು ಗುಂಪುಗಳ ಹಕ್ಕು. 16ನೇ ಕಲಮಿನಂತೆ ನೇಮಿಸುವ ಸಭೆ ಗುಂಪಿನ ಇಚ್ಛೆಯನ್ನು ಜಾರಿಗೆ ತರಬೇಕು. ‘ಆ ಸದಸ್ಯರು ಬೇಡ, ಇವರು ಬರಲಿ’ ಎಂದು ಬಹುಮತದ ಗುಂಪು ಬೇರೆ ಗುಂಪಿಗೆ ಹೇಳುವಂತಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. 2001ರ ನಿಯಮಾವಳಿಯ ಪ್ರಕಾರ, ಮುಖ್ಯ ಅಥವಾ ಉಪಮುಖ್ಯ ಅಧಿಕಾರಿಯ ನೇಮಕ ಅಥವಾ ವಜಾವನ್ನು ತೀರ್ಮಾನಿಸುವ ಸಮಿತಿಯಲ್ಲಿ ಕ್ಯಾಬಿನೆಟ್‌ನ ಕನಿಷ್ಠ ಒಬ್ಬ ಸದಸ್ಯರು ಇರಲೇಬೇಕು. ಕ್ಯಾಬಿನೆಟ್ ಪೂರ್ತಿಯಾಗಿ ಒಂದೇ ಗುಂಪಿನದಾಗಿದ್ದರೆ, ಆ ಗುಂಪು ತನ್ನ ಹೆಸರುಗಳಲ್ಲಿ ಅವರಲ್ಲೊಬ್ಬರನ್ನು ಸೇರಿಸದೆ ಹೋದಾಗ ಸಮಿತಿಯ ರಚನೆಯೇ ದೋಷಪೂರ್ಣವಾಗುತ್ತದೆ. ಆದುದರಿಂದ ಗುಂಪಿನ ನಾಯಕರಿಗೆ ಸೀಟುಗಳ ಸಂಖ್ಯೆಯನ್ನು ತಿಳಿಸುವ ಪತ್ರದಲ್ಲೇ ಈ ಷರತ್ತನ್ನೂ ಬರೆಯಬೇಕು. ಬದಲಿ ಸದಸ್ಯರನ್ನು ಕಳುಹಿಸಲು ನಿಯಮ ಅವಕಾಶ ಕೊಟ್ಟಿದ್ದರೆ, ಕ್ಯಾಬಿನೆಟ್ ಸದಸ್ಯರ ಬದಲಿಗೆ ಬರುವವರೂ ಕ್ಯಾಬಿನೆಟ್‌ನವರೇ ಆಗಿರಬೇಕೆಂದು ಠರಾವಿನಲ್ಲಿ ಸೇರಿಸಿಬಿಡಿ. ಕ್ಯಾಬಿನೆಟ್ ಇಲ್ಲದೆ ಸಮಿತಿ ಪದ್ಧತಿಯಲ್ಲಿ ನಡೆಯುವ ಕೌನ್ಸಿಲ್‌ಗಳಿಗೆ ಈ ಷರತ್ತು ಇಲ್ಲ.

ಯಾರನ್ನು ಸೂಚಿಸಬೇಕು ಎಂಬ ಪ್ರಶ್ನೆಗೆ ಕಾಯ್ದೆ ಉತ್ತರ ಕೊಡುವುದಿಲ್ಲ. ಅದು ನಾಯಕರ ವಿವೇಚನೆ. ಅರ್ಜಿದಾರರ ಅಥವಾ ಆರೋಪಕ್ಕೆ ಒಳಗಾದವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಇರುವವರನ್ನು, ಪ್ರಕ್ರಿಯೆಯ ಎಲ್ಲ ದಿನಗಳಿಗೂ ಬರಲು ಸಾಧ್ಯವಿರುವವರನ್ನು ಆರಿಸಬೇಕು. ಆಯ್ಕೆಪಟ್ಟಿ ಮಾಡಿದ ದಿನ ಇದ್ದು ಸಂದರ್ಶನದ ದಿನ ಇಲ್ಲದ ಸದಸ್ಯರು ಅಂಕ ಕೊಡುವ ಪದ್ಧತಿಯನ್ನೇ ಕೆಡಿಸುತ್ತಾರೆ. 1989ರ ಕಾಯ್ದೆಯ 7ನೇ ಕಲಮಿನಂತೆ ಪ್ರತಿ ನೇಮಕವೂ ಅರ್ಹತೆಯ ಮೇಲೇ ಆಗಬೇಕು, 2010ರ ಸಮಾನತೆಯ ಕಾಯ್ದೆಯ ಹೊಣೆಗಳೂ ಇದ್ದೇ ಇವೆ. ಆದ್ದರಿಂದ ಸದಸ್ಯರಿಗೆ ಆಯ್ಕೆಯ ಬಗ್ಗೆ ತರಬೇತಿ ಕೊಟ್ಟ ಮೇಲೆಯೇ ಅವರು ಸಮಿತಿಯಲ್ಲಿ ಕುಳಿತುಕೊಳ್ಳಲಿ.

ನೇಮಕಾತಿಗಿಂತ ಶಿಸ್ತಿನ ವಿಷಯದಲ್ಲಿ ಇನ್ನೂ ಹೆಚ್ಚು ಮುಂದಾಲೋಚನೆ ಬೇಕು. ಮೊದಲ ವಿಚಾರಣೆ ಮಾಡಿದವರೇ ಮೇಲ್ಮನವಿಯನ್ನೂ ಕೇಳಬಾರದು. ಆದ್ದರಿಂದ ಎರಡು ಪ್ರತ್ಯೇಕ ತಂಡಗಳನ್ನು ಆರಂಭದಲ್ಲೇ ನೇಮಿಸಿ, ಒಂದರಲ್ಲಿರುವವರು ಇನ್ನೊಂದರಲ್ಲಿ ಇರದಂತೆ ನೋಡಿಕೊಳ್ಳಬೇಕು. ಸಣ್ಣ ಕೌನ್ಸಿಲ್‌ಗಳಲ್ಲಿ ಇದು ಹೊರೆ ಎನಿಸಿದರೂ ತಪ್ಪಿಸಿಕೊಳ್ಳಬಾರದ ಹೊರೆ. ಮುಖ್ಯ ಕಾರ್ಯನಿರ್ವಾಹಕರು, ಮಾನಿಟರಿಂಗ್ ಅಧಿಕಾರಿ (ಕೌನ್ಸಿಲ್ ಕಾನೂನಿನಂತೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವವರು) ಮತ್ತು ಹಣಕಾಸು ಅಧಿಕಾರಿ ಈ ಮೂವರ ಶಿಸ್ತಿನ ವಜಾದ ವಿಷಯದಲ್ಲಿ, 2015ರ ತಿದ್ದುಪಡಿಯ ನಂತರ ಕನಿಷ್ಠ ಇಬ್ಬರು ಸ್ವತಂತ್ರ ವ್ಯಕ್ತಿಗಳಿರುವ ಸಲಹಾ ಮಂಡಳಿಯನ್ನು ಸಂಬಂಧಪಟ್ಟ ಸಭೆಗೆ ಕನಿಷ್ಠ 20 ಕೆಲಸದ ದಿನಗಳ ಮೊದಲು ನೇಮಿಸಬೇಕು, ಮತ್ತು ವಜಾ ಮಾಡುವ ಕೊನೆಯ ತೀರ್ಮಾನ ಪೂರ್ಣ ಕೌನ್ಸಿಲ್‌ನದು. ಮುಖ್ಯ ಕಾರ್ಯನಿರ್ವಾಹಕರ ನೇಮಕವೂ ಪೂರ್ಣ ಕೌನ್ಸಿಲ್ ಒಪ್ಪಿದ ಮೇಲೆಯೇ ಅಭ್ಯರ್ಥಿಗೆ ತಿಳಿಸತಕ್ಕದ್ದು. ಈ ಎರಡು ವಿಷಯಗಳಲ್ಲಿ ಉಪಸಮಿತಿಯ ಕೆಲಸ ಶಿಫಾರಸಿನ ಹಂತದಲ್ಲಿ ನಿಲ್ಲುತ್ತದೆ ಎಂಬುದು ಸದಸ್ಯರಿಗೆ ಮೊದಲೇ ಗೊತ್ತಿರಲಿ.

ಹಿತಾಸಕ್ತಿಯ ಪ್ರಶ್ನೆಯನ್ನು ಪ್ರಕರಣವೊಂದು ಬಂದ ಕೂಡಲೇ ಕೇಳಬೇಕು. 2011ರ ಸ್ಥಳೀಯತೆ ಕಾಯ್ದೆಯ ಪ್ರಕಾರ, ಚರ್ಚೆಯಲ್ಲಿರುವ ವಿಷಯದಲ್ಲಿ ಬಹಿರಂಗಪಡಿಸತಕ್ಕ ಹಣಕಾಸಿನ ಹಿತಾಸಕ್ತಿ ಇರುವ ಸದಸ್ಯರು ವಿನಾಯಿತಿ ಪಡೆಯದೆ ಭಾಗವಹಿಸುವಂತಿಲ್ಲ, ಮತ ಹಾಕುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ ಎದುರಾಗುವುದು ಕಾಯ್ದೆಯ ಅಕ್ಷರಕ್ಕೆ ಸಿಗದ ಪರಿಸ್ಥಿತಿ: ಅಭ್ಯರ್ಥಿ ಹಳೆಯ ಸ್ನೇಹಿತರಾಗಿರಬಹುದು, ದೂರಿನ ಸಾಕ್ಷಿ ಸದಸ್ಯರೇ ಆಗಿರಬಹುದು, ಅಥವಾ ಆ ಅಧಿಕಾರಿಯ ಬಗ್ಗೆ ಸದಸ್ಯರು ಸಾರ್ವಜನಿಕವಾಗಿ ಕಟು ಮಾತು ಆಡಿರಬಹುದು. ಇಂಥವರು ಆ ಪ್ರಕರಣದಿಂದ ಹಿಂದೆ ಸರಿದು, ಬದಲಿ ಸದಸ್ಯರಿಗೆ ಸ್ಥಾನ ಬಿಟ್ಟುಕೊಡುವುದೇ ನ್ಯಾಯ.

ಸಭೆಯ ಕಾರ್ಯಸೂಚಿ ಕನಿಷ್ಠ ಐದು ಪೂರ್ಣ ದಿನಗಳ ಮೊದಲು ಸಾರ್ವಜನಿಕರಿಗೆ ಸಿಗುವಂತಿರಬೇಕು. ವ್ಯಕ್ತಿಯೊಬ್ಬರ ವಿವರಗಳು ಚರ್ಚೆಗೆ ಬರುವಾಗ 1972ರ ಕಾಯ್ದೆಯ 12ಎ ಅನುಸೂಚಿಯ ಆಧಾರದ ಮೇಲೆ ಸಾರ್ವಜನಿಕರನ್ನು ಹೊರಗಿಡಬಹುದು. ಆದರೆ ಅದಕ್ಕೆ ಸಭೆಯಲ್ಲಿ ಠರಾವು ಆಗಬೇಕು. ಸದಸ್ಯರ ನೇಮಕವೇ ಆದರೆ ಬಹಿರಂಗ ಸಭೆಯಲ್ಲಿ ನಡೆಯಲಿ.

ಸ್ಥಳೀಯ ಆಡಳಿತದ ಅತ್ಯಂತ ಕೆಳಹಂತದ ಪ್ಯಾರಿಷ್ (ಗ್ರಾಮಮಟ್ಟದ) ಮತ್ತು ಪಟ್ಟಣ ಕೌನ್ಸಿಲ್‌ಗಳಿಗೆ ರಾಜಕೀಯ ಅನುಪಾತದ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಒಬ್ಬ ಕ್ಲರ್ಕ್ ಮಾತ್ರ ನೌಕರರಾಗಿರುವ ಸಂದರ್ಭಗಳೇ ಹೆಚ್ಚು. ಎಲ್ಲ ಸದಸ್ಯರೂ ಮೊದಲ ಸಭೆಯಲ್ಲೇ ವಿಷಯ ಕೇಳಿಬಿಟ್ಟರೆ ಮೇಲ್ಮನವಿ ಕೇಳಲು ಯಾರೂ ಉಳಿಯುವುದಿಲ್ಲ. ಹಾಗಾಗಿ ಮೂವರು ವಿಚಾರಣೆಗೆ, ಮತ್ತೆ ಮೂವರು ಮೇಲ್ಮನವಿಗೆ ಎಂದು ಮೊದಲೇ ಮೀಸಲಿಡುವುದು ಒಳ್ಳೆಯದು.

ಕೊನೆಯದಾಗಿ ಅವಧಿಯ ವಿಷಯ. 102ನೇ ಕಲಮಿನ ಪ್ರಕಾರ ಕೌನ್ಸಿಲರ್ ಸ್ಥಾನ ಕಳೆದುಕೊಂಡವರು ಸಮಿತಿಯ ಸದಸ್ಯತ್ವವನ್ನೂ ಕಳೆದುಕೊಳ್ಳುತ್ತಾರೆ, ಮರುಆಯ್ಕೆಯಾದವರ ಹೊರತು. ಚುನಾವಣೆಗಳು ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುವುದರಿಂದ, ಮಾರ್ಚ್ ಹೊತ್ತಿಗೆ ಆಯ್ಕೆಪಟ್ಟಿ ಸಿದ್ಧಪಡಿಸಿದ ಸಮಿತಿಯೇ ಜೂನ್‌ನಲ್ಲಿ ಸಂದರ್ಶನ ಮಾಡುವಂತೆ ವೇಳಾಪಟ್ಟಿ ಹಾಕಬೇಡಿ. ಚುನಾವಣೆಗೆ ಮೊದಲೇ ಇಡೀ ಪ್ರಕ್ರಿಯೆ ಮುಗಿಸಿ, ಇಲ್ಲವೇ ಹೊಸ ಕೌನ್ಸಿಲ್ ಸ್ಥಾನಹಂಚಿಕೆ ಮಾಡಿದ ಮೇಲೆ ಆರಂಭಿಸಿ.