ಹಳೇ ಸ್ಕೂಲ್ ಬುಕ್ಸು, ಯೂನಿಫಾರ್ಮು ಆನ್‌ಲೈನಲ್ಲಿ ಮಾರೋದು, ಕೊಳ್ಳೋದು: ಕವರ್ ಫೋಟೋ ಒಂದೇ ಸಾಕಾಗಲ್ಲ

ಏಪ್ರಿಲ್ ಬಂತು ಅಂದ್ರೆ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ನೀರಿನ ಟ್ಯಾಂಕರ್ ಜಗಳ ಸ್ವಲ್ಪ ಪಕ್ಕಕ್ಕೆ ಸರಿದು "6ನೇ ಕ್ಲಾಸ್ ಬುಕ್ಸ್ ಫಾರ್ ಸೇಲ್, ಗುಡ್ ಕಂಡೀಶನ್" ಶುರುವಾಗುತ್ತೆ. ಜೊತೆಗೊಂದು ಫೋಟೋ. ಮಂಚದ ಮೇಲೆ ಬುಕ್ಸ್ ರಾಶಿ, ಟ್ಯೂಬ್‌ಲೈಟ್ ಬೆಳಕು ಪ್ಲಾಸ್ಟಿಕ್ ಬೈಂಡ್ ಮೇಲೆ ಬಿದ್ದು ಒಂದು ಹೆಸರೂ ಕಾಣಲ್ಲ, ಮೂಲೇಲಿ ಯಾರದೋ ಕಾಲು. ಕೆಳಗೆ ಸಾಲಾಗಿ ಪ್ರಶ್ನೆ: ಯಾವ ಸಿಲಬಸ್? ಯಾವ ವರ್ಷದ್ದು? ಸೆಕೆಂಡ್ ಲಾಂಗ್ವೇಜ್ ಹಿಂದಿನಾ ಕನ್ನಡಾನಾ? ಮಾರೋರು ಸಂಜೆ ಆಫೀಸಿಂದ ಬಂದು ಉತ್ತರ ಕೊಡೋ ಹೊತ್ತಿಗೆ ಕೇಳಿದೋರು ಅಂಗಡಿಗೆ ಹೋಗಿ ಹೊಸದೇ ತಂದಿರ್ತಾರೆ.

ನಂಗೂ ಏಟು ಬಿದ್ದಿದೆ. 2024ರ ಏಪ್ರಿಲ್‌ನಲ್ಲಿ 6ನೇ ಕ್ಲಾಸ್ ಎನ್‌ಸಿಇಆರ್‌ಟಿ (ಸಿಬಿಎಸ್‌ಇ ಸ್ಕೂಲ್‌ಗಳಲ್ಲಿ ಓದಿಸೋ ಕೇಂದ್ರ ಸರ್ಕಾರದ ಪುಸ್ತಕ) ಸೆಟ್ ಅಂತ ಸ್ಕೂಟರ್ ತಗೊಂಡು ಊರಿನ ಆ ತುದಿಗೆ ಹೋಗಿ 350 ರೂಪಾಯಿ ಕೊಟ್ಟು ತಂದೆ. ಒಂದು ಪೆನ್ಸಿಲ್ ಗೆರೆನೂ ಇಲ್ಲ, ಅಷ್ಟು ನೀಟು. ಆ ವರ್ಷ 3 ಮತ್ತು 6ನೇ ಕ್ಲಾಸ್ ಪುಸ್ತಕಗಳೇ ಪೂರ್ತಿ ಬದಲಾದ್ವು, 6ನೇ ಕ್ಲಾಸಲ್ಲಿ ವಿಜ್ಞಾನಕ್ಕೆ 'ಕ್ಯೂರಿಯಾಸಿಟಿ', ಗಣಿತಕ್ಕೆ 'ಗಣಿತ ಪ್ರಕಾಶ್', ಇಂಗ್ಲಿಷ್‌ಗೆ 'ಪೂರ್ವಿ'. ನಾನು ತಂದ ಸೆಟ್ ಈಗ್ಲೂ ಅಟ್ಟದ ಮೇಲಿದೆ. ಮಾರಿದೋರು ಮೋಸ ಮಾಡಿಲ್ಲ, ನಾನು ಕೇಳಿಲ್ಲ, ಅವರು ಹೇಳಿಲ್ಲ, ಅಷ್ಟೇ. ಸೋಫಾ ಮಾರೋ ತರ ಅಲ್ಲ ಇದು, ಸೋಫಾ ಯಾರ ಮನೇಲಾದ್ರೂ ಕೂರುತ್ತೆ, ಸ್ಕೂಲ್ ಪುಸ್ತಕ ಒಂದು ವರ್ಷ ಆಚೆ ಈಚೆ ಆದ್ರೆ ರದ್ದಿ.

1. ಯಾವುದು ಮಾರ್ಬೇಕು, ಯಾವುದು ಬೇಡ

ಖಾಸಗಿ ಪಬ್ಲಿಷರ್ ಪಠ್ಯಪುಸ್ತಕ, ಗೈಡು, ಡಿಕ್ಷನರಿ, ಅಟ್ಲಾಸ್, ಬ್ಲೇಜರ್, ಸ್ವೆಟರ್, ಒಳ್ಳೇ ಬ್ಯಾಗು, ಕೀಬೋರ್ಡು, ಸ್ಕೇಟಿಂಗ್ ಸೆಟ್ಟು, ಇವೆಲ್ಲ ಹೋಗ್ತವೆ. 1ರಿಂದ 8ನೇ ಕ್ಲಾಸ್‌ವರೆಗಿನ ಎನ್‌ಸಿಇಆರ್‌ಟಿ ಪುಸ್ತಕ ಹೊಸದೇ 65 ರೂಪಾಯಿ, ಅದನ್ನ 40ಕ್ಕೆ ತರೋಕೆ ಮೂವತ್ತು ರೂಪಾಯಿ ಪೆಟ್ರೋಲ್ ಸುಡೋದು ಯಾವ ಲೆಕ್ಕ? ಬಿಡಿಬಿಡಿಯಾಗಿ ಮಾರ್ಬೇಡಿ, ಸೆಟ್ ಮಾಡಿ ಕೊಡಿ. ಸರ್ಕಾರಿ ಶಾಲೆ ಮಕ್ಕಳಿಗೆ ಪುಸ್ತಕ, ಯೂನಿಫಾರ್ಮು, ಶೂ ಎಲ್ಲ ಫ್ರೀಯಾಗಿ ಸಿಗೋದ್ರಿಂದ ಈ ಬಿಸಿನೆಸ್ಸು ಹೆಚ್ಚುಕಮ್ಮಿ ಪ್ರೈವೇಟ್ ಸ್ಕೂಲ್ ಅಪ್ಪ ಅಮ್ಮಂದಿರದ್ದೇ.

ಶೂ ಮಾತ್ರ ಮಾರ್ಲೂ ಬೇಡಿ ಕೊಳ್ಳಲೂ ಬೇಡಿ. ಒಂದು ಮಗುವಿನ ಕಾಲಿಗೆ ವರ್ಷಪೂರ್ತಿ ಸವೆದ ಅಟ್ಟೆ ಇನ್ನೊಂದು ಮಗುವಿನ ಕಾಲಿಗೆ ಹೊಂದಲ್ಲ. ನಮ್ಮತ್ತೆ "ಎರಡೇ ಸಲ ಹಾಕಿದ್ದಂತೆ ಕಣಮ್ಮ" ಅಂತ ಎಷ್ಟೇ ಹೇಳಿದ್ರೂ ನಾನು ಒಪ್ಪಲ್ಲ. ವಾಟರ್ ಬಾಟಲ್, ಟಿಫಿನ್ ಬಾಕ್ಸ್ ಕೂಡ ಬೇಡ, ಆ ರಬ್ಬರ್ ವಾಷರ್ ಒಳಗೆ ಏನೇನಿರುತ್ತೋ ನೋಡಿದೋರಿಗೇ ಗೊತ್ತು.

2. ಕ್ಲೀನ್ ಮಾಡೋದು

ಹಳೇ ಬೈಂಡ್ ತೆಗೀರಿ, ಪೆನ್ಸಿಲ್ ಗೆರೆ ಒಳ್ಳೇ ರಬ್ಬರಲ್ಲಿ ಅಳಿಸಿ. ಲೇಬಲ್ ಅಂಟು ಉಳಿದ್ರೆ ಹತ್ತಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಮೆತ್ತಗೆ ತಿಕ್ಕಿದ್ರೆ ಹೋಗುತ್ತೆ, ಆದ್ರೆ ಇದು ನುಣುಪು ಲ್ಯಾಮಿನೇಟೆಡ್ ಕವರ್‌ಗೆ ಮಾತ್ರ, ಒಳಗಿನ ಪೇಜ್‌ಗೆ ಮಾಡಿದ್ರೆ ಬಜ್ಜಿ ಕಟ್ಟಿದ ಪೇಪರ್ ತರ ಆಗುತ್ತೆ. ಪೆನ್ನಲ್ಲಿ ಬರೆದ ಉತ್ತರದ ಮೇಲೆ ವೈಟ್ನರ್ ಬಳಿಯೋ ಐಡಿಯಾ ಯಾರು ಕೊಟ್ರೋ, ದಯವಿಟ್ಟು ಬೇಡ, ಬರೆದಿದ್ದು ಬರೆದಂಗೇ ಇರ್ಲಿ, ರೇಟ್ ಕಮ್ಮಿ ಮಾಡಿ. ಕಾಲರ್ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಬರೆದ ಹೆಸರು ಸ್ಯಾನಿಟೈಸರ್ ಹಾಕಿ ಉಜ್ಜಿದ್ರೆ ಸಾಕಷ್ಟು ಮಾಸುತ್ತೆ. ಬ್ಯಾಗ್ ಜಿಪ್ ಗಟ್ಟಿ ಆಗಿದ್ರೆ ಮೇಣದಬತ್ತಿ ಉಜ್ಜಿ.

3. ಫೋಟೋ ಮತ್ತು ವಿವರ (ಎಲ್ಲರೂ ಎಡವೋದು ಇಲ್ಲೇ)

ಪುಸ್ತಕಕ್ಕೆ ಬೇಕಾಗಿರೋ ಮುಖ್ಯ ಫೋಟೋ ಕವರ್ ಅಲ್ಲ, ಕವರ್ ತಿರುಗಿಸಿದ್ರೆ ಒಂದೆರಡು ಹಾಳೆ ಒಳಗೆ ಪಬ್ಲಿಷರ್ ಅಡ್ರೆಸ್, ಬೆಲೆ, ಮೊದಲ ಮುದ್ರಣ, ಮರುಮುದ್ರಣ ಅಂತ ಸಣ್ಣ ಅಕ್ಷರದಲ್ಲಿ ತುಂಬಿರೋ ಪೇಜ್ ಇರುತ್ತಲ್ಲ, ಅದು. ಅದನ್ನ ಕಿಟಕಿ ಪಕ್ಕ ಹಗಲು ಬೆಳಕಲ್ಲಿ, ಫ್ಲ್ಯಾಶ್ ಆಫ್ ಮಾಡಿ, ವರ್ಷ ಓದೋಕೆ ಆಗೋ ಹಂಗೆ ತೆಗೀರಿ. ಎನ್‌ಸಿಇಆರ್‌ಟಿ 2023ರಲ್ಲಿ 1, 2ನೇ ಕ್ಲಾಸ್ ಬದಲಾಯಿಸ್ತು, 2024ರಲ್ಲಿ 3, 6, 2025ರಲ್ಲಿ 4, 5, 7, 8. ಅಂದ್ರೆ ಈ ವರ್ಷಗಳಿಗಿಂತ ಹಿಂದಿನ ಮುದ್ರಣ ನಿಮ್ಮ ಕೈಲಿದ್ರೆ ಅದು ಮಾರೋ ವಸ್ತುನೇ ಅಲ್ಲ. 10ನೇ ಕ್ಲಾಸ್ ಕಥೆ ಬೇರೆ, 2022ರಲ್ಲಿ ಮೇಲಿನ ಕ್ಲಾಸ್‌ಗಳಲ್ಲಿ ಕೆಲವು ಪಾಠ ತೆಗೆದ್ರು, ಹಂಗಾಗಿ ಅದಕ್ಕಿಂತ ಹಳೇ ಪ್ರತೀಲಿ ಪಾಠ ಜಾಸ್ತಿ ಇರುತ್ತೆ, ಕಮ್ಮಿ ಅಲ್ಲ. ಪಾಠದ ನಂಬರ್ ಆಚೀಚೆ ಆಗುತ್ತೆ, ಟೀಚರ್ "ಚಾಪ್ಟರ್ 11 ತೆಗೀರಿ" ಅಂದಾಗ ಮಗು ಬೇರೇನೋ ತೆಗೆದು ಕೂತಿರುತ್ತೆ. ಅದನ್ನ ಹೇಳಿ ಮಾರಿದ್ರೆ ತಪ್ಪಿಲ್ಲ.

ಸ್ಟೇಟ್ ಸಿಲಬಸ್‌ನೋರು ಇನ್ನೂ ಮೂರು ವಿಷಯ ಬರೀಬೇಕು. ಒಂದು ಮೀಡಿಯಂ. ಎರಡು, ಭಾಷಾ ಪುಸ್ತಕ ಪ್ರಥಮ ಭಾಷೆದೋ ದ್ವಿತೀಯದೋ ತೃತೀಯದೋ. ಬರೀ "10ನೇ ಕ್ಲಾಸ್ ಕನ್ನಡ ಬುಕ್" ಅಂದ್ರೆ ಏನು ಅರ್ಥ ಆಗ್ಬೇಕು, ಪ್ರಥಮ ಭಾಷೆಯ 'ಸಿರಿ ಕನ್ನಡ'ನೇ ಬೇರೆ, ದ್ವಿತೀಯ ಭಾಷೆಯ 'ತಿಳಿ ಕನ್ನಡ'ನೇ ಬೇರೆ. ಮೂರನೇದು ಭಾಗ. ಗಣಿತ, ವಿಜ್ಞಾನ, ಸಮಾಜ ಭಾಗ 1, ಭಾಗ 2 ಅಂತ ಎರಡೆರಡು ಬರ್ತವೆ, ಎರಡೂ ಒಟ್ಟಿಗೆ ಇಟ್ಟು ಫೋಟೋ ತೆಗೀರಿ, ಒಂದು ಕಳೆದುಹೋಗಿದ್ರೆ ಮೊದಲೇ ಹೇಳಿ. ಕನ್ನಡ ಮತ್ತು ಸಮಾಜ ಪುಸ್ತಕಗಳಂತೂ 2022ರಲ್ಲಿ ಒಂದು ಸಲ, ಸರ್ಕಾರ ಬದಲಾದ್ಮೇಲೆ 2023ರಲ್ಲಿ ಇನ್ನೊಂದು ಸಲ ತಿದ್ದುಪಡಿ ಆದ್ವು, ಅವೆರಡರಲ್ಲಿ ಮುದ್ರಣ ವರ್ಷ ನೋಡದೆ ಕೈ ಹಾಕ್ಲೇಬೇಡಿ.

ಖಾಸಗಿ ಪಬ್ಲಿಷರ್ ಪುಸ್ತಕದಲ್ಲಿ ಇನ್ನೊಂದು ಕಿರಿಕ್ ಇದೆ. ಒಳಗಡೆ ಕವರ್ ಮೇಲೆ ಲಾಟರಿ ಟಿಕೆಟ್ ತರ ಉಜ್ಜಿ ನೋಡೋ ಕೋಡ್ ಇರುತ್ತೆ, ಅವರ ಆ್ಯಪ್‌ಗೆ ಹಾಕೋಕೆ. ಸುಮಾರು ಪುಸ್ತಕಗಳಲ್ಲಿ ಅದು ಒಂದೇ ಸಲಕ್ಕೆ. ನಿಮ್ಮ ಮಗ ಉಜ್ಜಿ ಆಗಿದ್ರೆ, ಕೊಳ್ಳೋರ ಸ್ಕೂಲಲ್ಲಿ ಹೋಮ್‌ವರ್ಕ್ ಆ ಆ್ಯಪಲ್ಲೇ ಕೊಡೋದಾಗಿದ್ರೆ, ಪುಸ್ತಕ ಎಷ್ಟು ಹೊಸದಾಗಿದ್ರೂ ಪ್ರಯೋಜನ ಇಲ್ಲ. "ಕೋಡ್ ಬಳಸಿದೆ" ಅಂತ ಎರಡು ಪದ ಬರೀರಿ. ವರ್ಕ್‌ಬುಕ್‌ಗೂ ಹಂಗೇ, ಮಧ್ಯದ ಒಂದು ಪೇಜ್ ಫೋಟೋ ಹಾಕಿ. ಮೊದಲ ಪೇಜ್ ಬೇಡ, ಮೊದಲ ಪೇಜ್ ಎಲ್ಲರದ್ದೂ ನೀಟಾಗೇ ಇರುತ್ತೆ, ಜೂನ್ ತಿಂಗಳ ಉತ್ಸಾಹ.

ಯೂನಿಫಾರ್ಮ್ ಹಾಕೋರು "10 ವರ್ಷದ ಹುಡುಗಂಗೆ ಆಗುತ್ತೆ" ಅಂತ ಬರೀತಾರೆ. ನನ್ನ ಮಗನೂ ಅವನ ಫ್ರೆಂಡೂ ಇಬ್ಬರಿಗೂ ಹತ್ತು, ಇವನ ಪ್ಯಾಂಟಲ್ಲಿ ಅವನು ಎರಡು ಸಲ ಹೋಗ್ತಾನೆ. ಲೇಬಲ್ ಮೇಲಿನ 28, 30, 32 ನಂಬರನ್ನೂ ಪೂರ್ತಿ ನಂಬೋಕಾಗಲ್ಲ, ಒಗೆದು ಒಗೆದು ಹತ್ತಿ ಬಟ್ಟೆ ಕುಗ್ಗಿರುತ್ತೆ, ಒಂದೊಂದು ಕಂಪನಿದು ಒಂದೊಂದು ತರ. ಶರ್ಟನ್ನ ಗುಂಡಿ ಹಾಕಿ ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದು ಕಂಕುಳಿನವರೆಗೆ ಟೇಪ್ ಹಿಡಿದು, ಬಂದಿದ್ದನ್ನ ಎರಡರಿಂದ ಗುಣಿಸಿ, ಅದೇ ಎದೆ ಸುತ್ತಳತೆ. ಪ್ಯಾಂಟ್‌ಗೆ ಸೊಂಟ, ಉದ್ದ, ಮತ್ತೆ ಕೆಳಗೆ ಮಡಿಸಿ ಹೊಲಿದಿರೋ ಬಟ್ಟೆ ಎಷ್ಟು ಇಂಚಿದೆ ಅನ್ನೋದು. ಈ ಕೊನೇದು ಯಾರೂ ಬರಿಯಲ್ಲ, ಕೊಳ್ಳೋರಿಗೆ ಮಾತ್ರ ಅದೇ ಬೇಕು, ಎರಡು ಇಂಚು ಬಿಚ್ಚೋಕಾದ್ರೆ ಇನ್ನೊಂದು ವರ್ಷ ಬರುತ್ತಲ್ಲ! ಹೌಸ್ ಟೀಶರ್ಟ್ (ಸ್ಕೂಲಲ್ಲಿ ಮಕ್ಕಳನ್ನ ಬಣ್ಣದ ಗುಂಪು ಮಾಡ್ತಾರಲ್ಲ, ಅದರದ್ದು) ಆದ್ರೆ ಬಣ್ಣ ಬರೀರಿ. ಲೋಗೋ ಹೊಸದೋ ಹಳೇದೋ ನೋಡ್ಕೊಳ್ಳಿ, ಸ್ಕೂಲ್‌ಗಳು ಸುಮ್ನೆ ಸುಮ್ನೆ ಬದಲಾಯಿಸ್ತಾವೆ.

ಇಷ್ಟೆಲ್ಲ ಫೋಟೋ ಹಾಕೋವಾಗ ಮಗುವಿನ ಹೆಸರು, ಸೆಕ್ಷನ್, ರೋಲ್ ನಂಬರ್, ಫೋನ್ ನಂಬರ್ ಇರೋ ಲೇಬಲ್ ಕಾಣಿಸ್ಬಾರ್ದು. ಅದರ ಮೇಲೆ ಒಂದು ಬಿಳಿ ಚೀಟಿ ಇಟ್ಟು ತೆಗೆದ್ರೆ ಮುಗೀತು. ಫೋನಲ್ಲಿ ಆಮೇಲೆ ಗೀಚಿ ಮುಚ್ಚೋ ಟ್ರಿಕ್ ನಂಗಿಷ್ಟ ಇಲ್ಲ, ಹೈಲೈಟರ್ ಬ್ರಷಲ್ಲಿ ಗೀಚಿ ಕೆಳಗಿನ ಹೆಸರು ತೆಳ್ಳಗೆ ಕಾಣೋ ಫೋಟೋಗಳನ್ನ ಬೇಕಾದಷ್ಟು ನೋಡಿದೀನಿ. ಮಗುಗೆ ಯೂನಿಫಾರ್ಮ್ ಹಾಕ್ಸಿ ನಿಲ್ಲಿಸಿ ಫೋಟೋ ತೆಗೆಯೋದಂತೂ ಬೇಡ್ವೇ ಬೇಡ, ಹ್ಯಾಂಗರ್ ಇದೆ ಮನೇಲಿ.

4. ರೇಟು

ನನ್ನ ಲೆಕ್ಕ ಸಿಂಪಲ್ಲು. ಬರೆಯದ ಪುಸ್ತಕಕ್ಕೆ ಎಂಆರ್‌ಪಿ ಅರ್ಧ, ಗೆರೆ ಎಳೆದಿದ್ರೆ ಮೂರನೇ ಒಂದು ಭಾಗ, ಅರ್ಧ ಬರೆದ ವರ್ಕ್‌ಬುಕ್ ಸೆಟ್ ಜೊತೆ ಫ್ರೀ. ಸಿಬಿಎಸ್‌ಇದು ಮಾರ್ಚ್ ಕೊನೇ ವಾರ, ಸ್ಟೇಟ್‌ದು ಮೇ ಮಧ್ಯ ಹಾಕಿ, ಸ್ಕೂಲ್ ಶುರುವಾಗಿ ಹದಿನೈದು ದಿನ ಆದ್ಮೇಲೆ ಅರ್ಧದ ಅರ್ಧಕ್ಕೂ ಕೇಳೋರಿಲ್ಲ. ಆಗ ಬೆಂಗಳೂರಿನ ಅವೆನ್ಯೂ ರೋಡ್ ಹಳೇ ಬುಕ್ ಅಂಗಡಿಗಳೇ ಗತಿ, ಅಲ್ಲಿ ಕೊಡೋದು ಅವರಿಗೆ ಗಿಟ್ಟೋ ರೇಟು.

5. ಮಾತುಕತೆ, ದುಡ್ಡು

ಅಪಾರ್ಟ್‌ಮೆಂಟ್ ಗ್ರೂಪು, ಸ್ಕೂಲ್ ಪೇರೆಂಟ್ಸ್ ಗ್ರೂಪು ಮೊದಲು, ಅಲ್ಲಿ ಹೋಗದಿದ್ರೆ ಮಾತ್ರ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್. ಹೊರಗಡೆ ಹಾಕಿದ್ರೆ "ಇದ್ಯಾ?" ಅಂತ ಇಪ್ಪತ್ತು ಜನ ಕೇಳ್ತಾರೆ, "ಇದೆ" ಅಂದ್ರೆ ಹತ್ತೊಂಬತ್ತು ಜನ ಮಾಯ. ಇಪ್ಪತ್ತನೇಯವರು "ಲಾಸ್ಟ್ ಎಷ್ಟು ಮೇಡಂ?" ಅಂತಾರೆ. ಚೌಕಾಶಿ ಮಾಡೋರನ್ನ ಕಂಡ್ರೆ ನಂಗೆ ಧೈರ್ಯ, ಅವರು ನಿಜವಾಗ್ಲೂ ಕೊಳ್ಳೋರು.

ಭಯ ಪಡ್ಬೇಕಾಗಿರೋದು ಚೌಕಾಶಿನೇ ಮಾಡದೋರಿಗೆ. ನಮ್ಮ ಭಾವ ಒಂದು ಸ್ಟಡಿ ಟೇಬಲ್ 1,800ಕ್ಕೆ ಹಾಕಿದ್ರು. ಹತ್ತು ನಿಮಿಷಕ್ಕೆ ಫೋನು, ಹಿಂದೀಲಿ, ತಾನು ಆರ್ಮೀಲಿದೀನಿ, ಟ್ರಾನ್ಸ್‌ಫರ್ ಆಗಿದೆ, ಟೇಬಲ್ ಓಕೆ, ರೇಟ್ ಓಕೆ, ನೋಡೋದೇನೂ ಬೇಡ, ಈಗ್ಲೇ ಪೇಮೆಂಟ್ ಮಾಡ್ತೀನಿ. ಐಡಿ ಕಾರ್ಡ್ ಫೋಟೋನೂ ಕಳಿಸಿದ. ಮೊದಲು 5 ರೂಪಾಯಿ ಹಾಕ್ದ, ನಿಜವಾಗ್ಲೂ ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ ಸರ್, ನಿಮ್ಮ ಅಕೌಂಟ್‌ಗೆ ಬರುತ್ತೆ" ಅಂದ. ಭಾವ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ರು. 1,800 ಬರೋ ಬದ್ಲು 1,800 ಹೋಯ್ತು. "ಅಯ್ಯೋ ತಪ್ಪಾಯ್ತು ಸರ್, ಇನ್ನೊಂದು ಸಲ ಮಾಡಿ, ಎರಡೂ ಸೇರಿ ವಾಪಸ್ ಬರುತ್ತೆ" ಅಂದಾಗ ಅಕ್ಕ ಫೋನ್ ಕಿತ್ಕೊಂಡ್ಲು.

ದುಡ್ಡು ತಗೊಳ್ಳೋಕೆ ಪಿನ್ ಬೇಡ. ಸ್ಕ್ಯಾನೂ ಬೇಡ. ಪಿನ್ ಕೇಳ್ತಿದೆ ಅಂದ್ರೆ ದುಡ್ಡು ನಿಮ್ಮದು ಹೋಗ್ತಿದೆ. ಇನ್ನೊಂದು ಕಡೆ, ಪೇಮೆಂಟ್ ಆಯ್ತು ಅಂತ ತೋರಿಸೋ ಸ್ಕ್ರೀನ್‌ಶಾಟ್ ಯಾರು ಬೇಕಾದ್ರೂ ತಯಾರಿಸ್ಬೋದು, ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ ಆಮೇಲೆ ಬ್ಯಾಗ್ ಕೊಡಿ. ಹೋಗೇಬಿಟ್ರೆ ಅಳ್ತಾ ಕೂರ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕ್‌ಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ದುಡ್ಡನ್ನ ಆಚೆ ಅಕೌಂಟಲ್ಲಿ ತಡೆ ಹಿಡಿಯೋ ಸಾಧ್ಯತೆ ಜಾಸ್ತಿ.

ಕೊಳ್ಳೋರಿಗೂ ಇದೇ ಮಾತು, ನೋಡದೆ ಅಡ್ವಾನ್ಸ್ ಹಾಕ್ಬೇಡಿ. "ಬೇರೆಯವರು ಕೇಳ್ತಿದಾರೆ, 200 ಹಾಕಿದ್ರೆ ಎತ್ತಿಡ್ತೀನಿ" ಅಂದ್ರೆ ಬೇರೆಯವರಿಗೇ ಕೊಡ್ಲಿ ಬಿಡಿ.

6. ಕೈಗೆ ಕೊಡೋದು, ಕಳಿಸೋದು

ಗುರುತಿಲ್ಲದವರನ್ನ ಮನೆಗೆ ಕರೀಬೇಡಿ. ಗೇಟ್ ಹತ್ರ ಸೆಕ್ಯುರಿಟಿ ಎದುರಿಗೆ, ಇಲ್ಲಾಂದ್ರೆ ಮೆಟ್ರೋ ಸ್ಟೇಷನ್ ಮೆಟ್ಟಿಲ ಹತ್ರ, ಹಗಲು ಹೊತ್ತಲ್ಲಿ. ಕೊಳ್ಳೋರು ಅಲ್ಲೇ ನಿಂತು ಪೇಜ್ ತಿರುವಿ ನೋಡಿ, ನಾಚಿಕೆ ಬೇಡ, ಮಧ್ಯದಲ್ಲಿ ಹಾಳೆ ಹರಿದಿರೋದು, ನಕ್ಷೆ ಕತ್ತರಿಸಿ ಪ್ರಾಜೆಕ್ಟ್‌ಗೆ ಅಂಟಿಸಿರೋದು ಸಮಾಜ ಪುಸ್ತಕದಲ್ಲಿ ಮಾಮೂಲಿ. ಎನ್‌ಸಿಇಆರ್‌ಟಿ ಆದ್ರೆ ಒಂದು ಹಾಳೆ ಬೆಳಕಿಗೆ ಹಿಡೀರಿ, ಅಸಲಿ ಪೇಪರಲ್ಲಿ ಎನ್‌ಸಿಇಆರ್‌ಟಿ ವಾಟರ್‌ಮಾರ್ಕ್ ಕಾಣುತ್ತೆ, ನಕಲಿ ಮುದ್ರಣಕ್ಕೆ ಅರ್ಧ ರೇಟೂ ದಂಡ. ಬ್ಯಾಗ್ ಆದ್ರೆ ಎಲ್ಲಾ ಜಿಪ್ಪೂ ಎರಡು ಸಲ ಎಳೆದು ನೋಡಿ, ಪಟ್ಟಿ ಹೊಲಿಗೆ ಸೇರೋ ಜಾಗ ಜಗ್ಗಿ ನೋಡಿ.

ಬೇರೆ ಊರಿಗಾದ್ರೆ ಪೋಸ್ಟಾಫೀಸಲ್ಲಿ 2025ರ ಮೇ ತಿಂಗಳಿಂದ 'ಜ್ಞಾನ ಪೋಸ್ಟ್' ಅಂತ ಇದೆ, 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100, ಮೇಲೆ ಟ್ಯಾಕ್ಸು. ಓದೋ ಪುಸ್ತಕಕ್ಕೆ ಮಾತ್ರ, ವ್ಯಾಪಾರದ ಪಾರ್ಸೆಲ್‌ಗಲ್ಲ, ಹಂಗಾಗಿ ನಿಮ್ಮ ಪಾರ್ಸೆಲ್ ತಗೋತಾರಾ ಅಂತ ಕೌಂಟರಲ್ಲಿ ಮೊದಲೇ ಕೇಳ್ಕೊಳ್ಳಿ, ಸಂದಿಲಿ ಎರಡು ಯೂನಿಫಾರ್ಮ್ ತುರುಕೋ ಕೆಲಸ ಬೇಡ. ನಿಧಾನ ಬೇರೆ. ಅರ್ಜೆಂಟ್ ಇದ್ರೆ ಕೆಎಸ್‌ಆರ್‌ಟಿಸಿ 'ನಮ್ಮ ಕಾರ್ಗೋ' ವಾಸಿ, ಶಿವಮೊಗ್ಗದ ನಮ್ಮ ತಂಗಿ ಮಗಳಿಗೆ ಎರಡು ಸೆಟ್ ಹಂಗೇ ಬಸ್ಸಲ್ಲಿ ಹೋಗಿದೆ. ಪುಸ್ತಕಗಳನ್ನ ಅಡ್ಡಡ್ಡ ಪೇರಿಸಿ, ಹಳೇ ಪ್ಲಾಸ್ಟಿಕ್ ಕವರ್ ಸುತ್ತಿ, ಆಮೇಲೆ ರಟ್ಟಿನ ಡಬ್ಬಿ. ಮಳೆಗಾಲ ಅಂತ ನೆನಪಿರ್ಲಿ.

ಕೊಟ್ಟು ಬಂದ ತಕ್ಷಣ ಪೋಸ್ಟ್ ತೆಗೀರಿ, ಇಲ್ಲ 'ಸೋಲ್ಡ್' ಅಂತ ಹಾಕಿ. ಎರಡು ವರ್ಷದ ಹಿಂದೆ ನಾನು ಮಾರಿದ ಬ್ಲೇಜರ್‌ಗೆ ಮೊನ್ನೆ ರಾತ್ರಿ ಹತ್ತೂವರೆಗೆ ಒಬ್ಬರು ಫೋನ್ ಮಾಡಿ ಕೈ ಉದ್ದ ಎಷ್ಟು ಅಂತ ಕೇಳಿದ್ರು.